ಪ್ಯಾರಿಸ್ಸಿನ ಕಾಯಿಪಲ್ಯದ ತೋಟಗಳು

19ನೆಯ ಶತಮಾನದಲ್ಲಿ ಪ್ಯಾರಿಸ್ ನಗರದ ಕಾಯಿಪಲ್ಯದ ತೋಟಗಳು ಬಹು ಚಿಕ್ಕವು. ಹಲವು 2 ಎಕರೆಯ ಆಸುಪಾಸಿನವು. ಆದರೂ ಅವು ಲಾಭ ತಂದುವು. ಕಾರಣ, ಗಾಡಿಗಳನ್ನೆಳೆಯುತ್ತಿದ್ದ ಸಾವಿರಾರು ಕುದುರೆಗಳ ಲಾಯದ ಗೊಬ್ಬರ. ಹಸಿ ಗೊಬ್ಬರವನ್ನು ದಪ್ಪವಾಗಿ ಹಾಸಿದರೆ ಅದು ಕೊಳೆಯುತ್ತ ಬಿಸಿಯೇರುವುದು. ಅದರ ಮೇಲೆ ಮಣ್ಣು ಹರಡಿ, ಬಿತ್ತಿ, ಗಂಟೆಯಾಕಾರದ ಗಾಜಿನ ಮುಚ್ಚಳಗಳನ್ನು ಕವುಚಿದರೆ ಕಡು ಚಳಿಯಲ್ಲಿಯೂ ಮೂಲಂಗಿ, ಲೆಟ್ಯೂಸ್ ಬೆಳೆಯುತ್ತಿದ್ದುವು. ಇತರರ ಹೊಲ ಬರಿದಾಗಿದ್ದಾಗ ಮಾರಿದ ಸೊಪ್ಪಿಗೆ ಬೆಲೆ ಹೆಚ್ಚು. ಚಳಿಯ ರಾತ್ರಿಗಳಲ್ಲಿ ಗಾಜಿನ ಮೇಲೆ ಹುಲ್ಲುಚಾಪೆ ಹೊದಿಸಿ, ಬೆಳಗ್ಗೆ ತೆಗೆಯಬೇಕಾಗಿತ್ತು. ಮನೆಯವರ ಈ ದುಡಿಮೆಗೆ ಕೂಲಿ ಕಟ್ಟಿದ್ದರೆ ಲಾಭವೆಷ್ಟು ಉಳಿಯುತ್ತಿತ್ತೆಂಬುದು ಬೇರೆಯ ಮಾತು. 1845ರಲ್ಲಿ ಮೊರೋ ಮತ್ತು ದಾವೆರ್ನ್ ಎಂಬ ತೋಟಗಾರರು ಈ ಕೃಷಿಕ್ರಮವನ್ನು ಗ್ರಂಥರೂಪದಲ್ಲಿ ಬರೆದಿಟ್ಟರು. 20ನೆಯ ಶತಮಾನದಲ್ಲಿ ಮೋಟಾರು ವಾಹನಗಳು ಬಂದುವು. ಕುದುರೆಗಳೊಡನೆ ಗೊಬ್ಬರವೂ ಹೋಯಿತು. ತೋಟಗಳಿದ್ದ ನೆಲದಲ್ಲಿ ಕಟ್ಟಡಗಳೆದ್ದುವು.