ಡೇಟಾಬೇಸ್ ಕ್ಯಾಶಿಂಗ್: ಅಂಕಲಿಯ ಪಹಣಿಯ ಉದಾಹರಣೆಯೊಂದಿಗೆ

1. ಕ್ಯಾಶಿಂಗ್: ಡೇಟಾಬೇಸ್ ಕೊಟ್ಟ ಉತ್ತರವನ್ನು ರ‍್ಯಾಮ್‌ನಲ್ಲಿ ತಾತ್ಕಾಲಿಕವಾಗಿ ಇಟ್ಟು, ಅದೇ ಪ್ರಶ್ನೆ ಮತ್ತೆ ಬಂದಾಗ ಅಲ್ಲಿಂದಲೇ ಕೊಡುವುದು. ಸಿಕ್ಕರೆ ‘ಹಿಟ್’, ಸಿಗದಿದ್ದರೆ ‘ಮಿಸ್’.

2. ಕೀ: ಇಟ್ಟ ಉತ್ತರದ ಗುರುತು. ಅಂಕಲಿ ಗ್ರಾಮದ ಒಂದು ಪಹಣಿಯನ್ನು (ಜಮೀನಿನ ದಾಖಲೆ) ಕ್ಯಾಶ್ ಮಾಡುವುದಾದರೆ ಜಿಲ್ಲೆ, ತಾಲ್ಲೂಕು (ಚಿಕ್ಕೋಡಿ), ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ (ಅದರೊಳಗಿನ ಪಾಲು) ಎಲ್ಲವೂ ಕೀಯಲ್ಲಿರಬೇಕು. ಹಿಸ್ಸಾ ಬಿಟ್ಟರೆ ಅಣ್ಣನ ಪಹಣಿ ಕೇಳಿದವರಿಗೆ ತಮ್ಮನದು ಬರುತ್ತದೆ. (ಪಹಣಿ ಗಣಕೀಕರಣ: ‘ಭೂಮಿ’ ಯೋಜನೆ, ಕಂದಾಯ ಇಲಾಖೆ, ತಂತ್ರಾಂಶ ಎನ್‌ಐಸಿ.)

3. ಹೆಚ್ಚು ಗೊಂದಲವಾಗುವುದು ಇಲ್ಲಿ:
• ಟಿಟಿಎಲ್: ನಿಗದಿತ ಅವಧಿ ಮುಗಿದರೆ ಉತ್ತರ ರದ್ದು.
• ಇನ್‌ವ್ಯಾಲಿಡೇಶನ್: ಮೂಲ ದಾಖಲೆ ಬದಲಾದ ಕೂಡಲೇ ಅಳಿಸುವುದು.
• ಎವಿಕ್ಷನ್: ಜಾಗ ತುಂಬಿದಾಗ ತೆಗೆಯುವುದು. ಎಲ್‌ಆರ್‌ಯು ಎಂದರೆ ಬಹಳ ಹೊತ್ತಿನಿಂದ ಬಳಸದಿದ್ದುದು ಮೊದಲು.
ಎಸ್‌ಎಸ್‌ಎಲ್‌ಸಿ ಫಲಿತಾಂಶಕ್ಕೆ ಟಿಟಿಎಲ್ ಬಹುಮಟ್ಟಿಗೆ ಸಾಕು. ಪಹಣಿಗೆ ಸಾಲದು, ಇನ್‌ವ್ಯಾಲಿಡೇಶನ್ ಬೇಕು: ಮ್ಯುಟೇಶನ್ (ಹಕ್ಕು ಬದಲಾವಣೆ) ಆದ ಮೇಲೂ ಹಳೆಯ ಮಾಲೀಕರ ಹೆಸರು ಕಂಡರೆ ರೈತರ ಬೆಳೆಸಾಲಕ್ಕೇ ತೊಡಕು.

4. ಇಂಡೆಕ್ಸ್ ಬೇರೆ, ಕ್ಯಾಶ್ ಬೇರೆ: ಇಂಡೆಕ್ಸ್ ಹುಡುಕಾಟವನ್ನು ಚುರುಕಾಗಿಸುತ್ತದೆ, ಕ್ಯಾಶ್ ಹುಡುಕಾಟವನ್ನೇ ತಪ್ಪಿಸುತ್ತದೆ.

5. ಇಸವಿಗಳು: ಕ್ಯಾಶಿಂಗ್ ತಂತ್ರಾಂಶಗಳಾದ ಮೆಮ್‌ಕ್ಯಾಶ್‌ಡ್ 2003 (ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್), ರೆಡಿಸ್ 2009 (ಸಾಲ್ವಟೋರೆ ಸ್ಯಾನ್‌ಫಿಲಿಪ್ಪೊ). ಮೈಎಸ್‌ಕ್ಯೂಎಲ್‌ನ ಒಳಗಿದ್ದ ಕ್ವೆರಿ ಕ್ಯಾಶ್ 8.0 ಆವೃತ್ತಿಯಿಂದ (2018) ಇಲ್ಲ. ಹಳೆಯ ಗೈಡ್‌ನಲ್ಲಿ ‘ಇದೆ’ ಎಂದಿದ್ದರೆ ತಿದ್ದಿಕೊಳ್ಳಿ.