ವಿದ್ಯಾರ್ಥಿಯ ವಿದೇಶಯಾನ ಮತ್ತು ಸುರಕ್ಷತೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ವಿಶ್ವವಿದ್ಯಾಲಯದ ಕೆಲಸಕ್ಕಾಗಿ ಪರದೇಶಕ್ಕೆ ಹೋಗುವ ವಿದ್ಯಾರ್ಥಿಗೆ ಇವೆರಡೂ ಏಕಕಾಲದಲ್ಲಿ ಒದಗುತ್ತವೆ. ಒಂದು ಕಾಲಕ್ಕೆ ಇದು ಸಿರಿವಂತರ ಮನೆಯ ಮಕ್ಕಳ ಭಾಗ್ಯವಾಗಿತ್ತು. ಈಗ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಂಥ ನೆರವಿನಿಂದ ಭೂರಹಿತ ಕೃಷಿಕೂಲಿಗಳ ಮಕ್ಕಳೂ ಕಡಲಾಚೆ ಹೋಗಬಹುದಾಗಿದೆ. ಹೋಗುವ ದಾರಿಯನ್ನು ಹೇಳುವವರು ಬಹಳ ಮಂದಿ. ಹೋದ ಮೇಲೆ ಕ್ಷೇಮವಾಗಿರುವ ಬಗೆಯನ್ನು ಹೇಳುವವರು ಕಡಮೆ. ಆದುದರಿಂದ ಈ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇನೆ.

ಕಳ್ಳಕಾಕರ ಭಯವನ್ನು ಎಲ್ಲರೂ ಹೇಳುತ್ತಾರೆ. ರಸ್ತೆಯ ಭಯವನ್ನು ಹೇಳುವವರು ವಿರಳ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆ ಅಪಘಾತಗಳಲ್ಲಿ ಸಾಯುತ್ತಾರೆ. 5ರಿಂದ 29 ವರ್ಷ ವಯಸ್ಸಿನವರ ಮರಣಕ್ಕೆ ಮೊದಲ ಕಾರಣ ಇದೇ. ನಮ್ಮಲ್ಲಿ ವಾಹನಗಳು ಎಡಬದಿಯಲ್ಲಿ ಓಡುವುದರಿಂದ ರಸ್ತೆ ದಾಟುವಾಗ ಕಣ್ಣು ತಾನಾಗಿಯೇ ಮೊದಲು ಬಲಕ್ಕೆ ತಿರುಗುತ್ತದೆ. ಇಂಗ್ಲೆಂಡಿನಲ್ಲಿ ಈ ರೂಢಿ ನಡೆದೀತು. ಅಮೆರಿಕ, ಜರ್ಮನಿ, ಈಜಿಪ್ಟುಗಳಲ್ಲಿ ವಾಹನ ಮೊದಲು ಬರುವುದು ಎಡಗಡೆಯಿಂದ. ಇನ್ನು ರೋಗದ ವಿಚಾರ. ಆಫ್ರಿಕ ಮತ್ತು ದಕ್ಷಿಣ ಅಮೆರಿಕದ ಹಲವು ದೇಶಗಳಿಗೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಂಡಿರಬೇಕು. ಅದರ ಪ್ರಮಾಣಪತ್ರವಿಲ್ಲದೆ ಅಲ್ಲಿಂದ ಹಿಂದಿರುಗಿದವರನ್ನು ನಮ್ಮ ದೇಶದಲ್ಲಿಯೇ ತಡೆದು ಪ್ರತ್ಯೇಕವಾಗಿ ಇರಿಸುವರು.

ಇವು ಎಲ್ಲ ಪ್ರಯಾಣಿಕರಿಗೂ ಸಲ್ಲುವ ಮಾತುಗಳು. ಸಂಶೋಧನೆಗೆಂದು ಹೋಗುವವನಿಗೆ ಮಾತ್ರ ಬರುವ ಅಪಾಯವೊಂದಿದೆ. ಜೂಲಿಯೋ ರೆಜೇನಿ ಎಂಬ ಇಟಲಿಯ ತರುಣ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧನ ವಿದ್ಯಾರ್ಥಿ. ಈಜಿಪ್ಟಿನ ಸ್ವತಂತ್ರ ಕಾರ್ಮಿಕ ಸಂಘಗಳನ್ನು ಕುರಿತು ಅಭ್ಯಾಸ ಮಾಡಲು ಕೈರೋ ನಗರಕ್ಕೆ ಹೋಗಿ, ಅಲ್ಲಿಯ ಬೀದಿ ವ್ಯಾಪಾರಿಗಳೊಡನೆ ಮಾತನಾಡುತ್ತಿದ್ದನು. ನಮ್ಮ ಸಂತೆಬೀದಿಯಲ್ಲಿ ಯಾರಾದರೂ ಪುಸ್ತಕ ಹಿಡಿದು ತರಕಾರಿಯವರ ಕಷ್ಟಸುಖ ವಿಚಾರಿಸಿದಂತೆ, ಅಷ್ಟೆ. ಆದರೆ ಆ ವ್ಯಾಪಾರಿಗಳ ಸಂಘದ ಮುಖಂಡನೇ ಅವನ ಮಾತುಗಳನ್ನು ಗುಪ್ತವಾಗಿ ಚಿತ್ರೀಕರಿಸಿ ಪೋಲೀಸರಿಗೆ ತಿಳಿಸಿದನು. 2016ರ ಜನವರಿ 25ರಂದು ಸಂಜೆ ಮನೆಯಿಂದ ಹೊರಟ ರೆಜೇನಿ ಕಾಣೆಯಾದನು. ಅದು 2011ರ ಕ್ರಾಂತಿಯ ಐದನೆಯ ವಾರ್ಷಿಕ ದಿನ. ನಗರದಲ್ಲೆಲ್ಲ ಬಿಗಿ ಪಹರೆಯಿತ್ತು. ಫೆಬ್ರವರಿ 3ರಂದು ಅಲೆಕ್ಸಾಂಡ್ರಿಯ ಹೆದ್ದಾರಿಯ ಬದಿಯಲ್ಲಿ ಅವನ ಶವ ಸಿಕ್ಕಿತು. ಮೈಮೇಲೆ ಚಿತ್ರಹಿಂಸೆಯ ಗುರುತುಗಳಿದ್ದವು. ಈಜಿಪ್ಟಿನ ನಾಲ್ವರು ಭದ್ರತಾ ಅಧಿಕಾರಿಗಳ ಮೇಲೆ ಅವರ ಗೈರುಹಾಜರಿಯಲ್ಲಿಯೇ ರೋಮಿನ ನ್ಯಾಯಾಲಯದಲ್ಲಿ 2024ರಲ್ಲಿ ವಿಚಾರಣೆ ಆರಂಭವಾಯಿತು. ಈಜಿಪ್ಟು ಸರ್ಕಾರ ಆರೋಪವನ್ನು ಅಲ್ಲಗಳೆದಿದೆ.

ಇದರಲ್ಲಿ ವಿದ್ಯಾರ್ಥಿಯ ತಪ್ಪೇನೆಂದು ಹುಡುಕುವವರಿದ್ದಾರೆ. ನನಗದು ಸರಿಕಾಣದು. ಪ್ರಶ್ನೆ ಕೇಳುವುದೇ ಅವನ ಕೆಲಸವಾಗಿತ್ತು. ಆದರೆ ನಮಗೆ ಅಧ್ಯಯನವಾಗಿ ತೋರುವುದು ಇನ್ನೊಂದು ದೇಶದ ಆಳುವವರಿಗೆ ಬೇಹುಗಾರಿಕೆಯಾಗಿ ತೋರಬಹುದು. ವಿಷಯ ಆರಿಸುವಾಗಲೇ ಈ ಪ್ರಶ್ನೆಯನ್ನು ಮಾರ್ಗದರ್ಶಕರೊಡನೆ ಚರ್ಚಿಸಬೇಕು. ಅಲ್ಲಿಯ ವಿದ್ಯಾಸಂಸ್ಥೆಯೊಂದರ ಸಂಬಂಧವನ್ನೂ ಬೇಕಾದ ಸರ್ಕಾರಿ ಅನುಮತಿಯನ್ನೂ ಬರವಣಿಗೆಯಲ್ಲಿ ಪಡೆದಿರಬೇಕು. ಇಂದು ಎಲ್ಲಿಗೆ ಹೋಗುತ್ತೇನೆ, ಎಷ್ಟು ಹೊತ್ತಿಗೆ ಬರುತ್ತೇನೆ ಎಂಬುದು ದಿನವೂ ಒಬ್ಬರಿಗಾದರೂ ತಿಳಿದಿರಬೇಕು. ಈ ಹೊರೆಯನ್ನು ವಿದ್ಯಾರ್ಥಿಯ ಹೆಗಲಿಗೇ ಬಿಡದೆ ಕಳುಹಿಸುವ ವಿಶ್ವವಿದ್ಯಾಲಯವೂ ಹೊರಬೇಕಾದುದು ನ್ಯಾಯ.

ಒಂದು ವೇಳೆ ಬಂಧನವೇ ಆದರೆ? 1963ರ ವಿಯೆನ್ನ ಒಪ್ಪಂದದ 36ನೆಯ ವಿಧಿಯಂತೆ, ಬಂಧಿತನಾದ ವಿದೇಶೀಯನು ಕೇಳಿದಲ್ಲಿ ಅವನ ದೇಶದ ದೂತಾವಾಸಕ್ಕೆ ತಡವಿಲ್ಲದೆ ಸುದ್ದಿ ಮುಟ್ಟಿಸತಕ್ಕದ್ದು. ಇಂಥ ಹಕ್ಕೊಂದು ಉಂಟೆಂದು ತಿಳಿದವನೇ ಅದನ್ನು ಕೇಳಿಯಾನು.

ಯುದ್ಧದ ಅಪಾಯ ನಮ್ಮ ನಾಡಿಗೂ ತಟ್ಟಿದೆ. 2022ರ ಫೆಬ್ರವರಿ 15ರಂದು ಉಕ್ರೇನಿನ ಭಾರತೀಯ ರಾಯಭಾರ ಕಚೇರಿಯು, ಇರಲೇಬೇಕಾದ ಅಗತ್ಯವಿಲ್ಲದವರು, ವಿಶೇಷವಾಗಿ ವಿದ್ಯಾರ್ಥಿಗಳು, ತಾತ್ಕಾಲಿಕವಾಗಿ ದೇಶ ಬಿಡುವುದನ್ನು ಯೋಚಿಸಬೇಕೆಂದು ಪ್ರಕಟಿಸಿತು. ಪಾಠಗಳು ನಡೆಯುತ್ತಿದ್ದವು, ವಿಮಾನದ ದರ ಏರಿತ್ತು, ಅನೇಕರು ಉಳಿದರು. ಫೆಬ್ರವರಿ 24ರಂದು ಯುದ್ಧ ಆರಂಭವಾಯಿತು. ಮಾರ್ಚ್ 1ರಂದು ಹಾರ್ಕಿವ್ ನಗರದಲ್ಲಿ ಆಹಾರ ತರಲು ಹೊರಬಂದಿದ್ದ ಹಾವೇರಿ ಜಿಲ್ಲೆಯ ವೈದ್ಯವಿದ್ಯಾರ್ಥಿಯೊಬ್ಬನು ಶೆಲ್ ದಾಳಿಯಲ್ಲಿ ಮಡಿದನು. ಅವನ ಪಾರ್ಥಿವ ಶರೀರ ಬೆಂಗಳೂರಿಗೆ ಬಂದುದು ಮಾರ್ಚ್ 21ರಂದು. ಹಾಜರಿ ಹೋದರೆ ಮುಂದೆ ಹೇಗಾದರೂ ತುಂಬಿಸಿಕೊಳ್ಳಬಹುದು. ಆದುದರಿಂದ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ ಅದರ ಪ್ರಕಟಣೆಗಳನ್ನು ಓದುತ್ತಿರಬೇಕು. ಊರಿಗೆ ಮರಳುವ ಟಿಕೆಟ್ಟಿನಷ್ಟು ಹಣವನ್ನು ಎಷ್ಟೇ ಅಡಚಣೆಯಾದರೂ ಮುಟ್ಟದೆ ಬೇರೆ ಇಟ್ಟಿರಬೇಕು. ಸಾಲ ಮಾಡಿ ಹೋದವನಿಗೆ ಇದು ಕಷ್ಟವೆಂಬುದನ್ನು ಬಲ್ಲೆ.

ಇನ್ನೊಂದು ಮಾತು, ನನ್ನಂತೆ ಮನೆಯಲ್ಲಿ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದವರಿಗಾಗಿ. ಓದಿದವರ ಮನೆಯಲ್ಲಿ ಮಗನ ಸುದ್ದಿ ನಿಂತರೆ ಯಾರನ್ನು ಕೇಳಬೇಕೆಂಬುದು ತಿಳಿದಿರುತ್ತದೆ. ನಮ್ಮ ತಂದೆತಾಯಿಗಳು ಯಾರ ಬಾಗಿಲು ತಟ್ಟಿಯಾರು? ಹೊರಡುವ ಮೊದಲೇ ಒಂದು ಹಾಳೆಯಲ್ಲಿ, ಕನ್ನಡದಲ್ಲಿ, ದಪ್ಪ ಅಕ್ಷರಗಳಿಂದ ಬರೆದಿಡಬೇಕು: ಪಾಸ್‌ಪೋರ್ಟಿನ ಸಂಖ್ಯೆ, ವಿಮೆಯ ಸಂಖ್ಯೆ, ವಾಸದ ವಿಳಾಸ, ಮಾರ್ಗದರ್ಶಕರ ಹೆಸರು, ರಾಯಭಾರ ಕಚೇರಿಯ ದೂರವಾಣಿ, ಇಲ್ಲಿಯ ಜಿಲ್ಲಾಧಿಕಾರಿಗಳ ಕಚೇರಿಯ ದೂರವಾಣಿ. ಅದರ ಒಂದು ಪ್ರತಿ ಮನೆಯ ಗೋಡೆಯ ಮೇಲಿರಲಿ. ಇನ್ನೊಂದು, ಓದಬಲ್ಲ ನೆರೆಯವರೊಬ್ಬರ ಕೈಯಲ್ಲಿರಲಿ.