ಮೊದಲ ಗ್ಲಾಸಿಗೆ ಮುಂಚೆ

ನನ್ನ ಹತ್ತಿರ ಓದಿದ ಮಕ್ಕಳು ಈಗ ದೊಡ್ಡವರಾಗಿದ್ದಾರೆ. ಠಾಕುರ್ಲಿ, ಡೊಂಬಿವಲಿಯಲ್ಲಿ ಮನೆ ಮಾಡಿಕೊಂಡು ಐರೋಲಿ, ಪವಾಯಿ ಕಡೆ ಕೆಲಸಕ್ಕೆ ಹೋಗುತ್ತಾರೆ. ಆಫೀಸಿನವರ ಜೊತೆ ಒಂದು ಸಂಜೆ, ಬಿಯರನ್ನು ಅಲ್ಲಿಯೇ ತಯಾರಿಸಿ ಕೊಡುವ ಬ್ರೂಪಬ್ಬಿಗೆ ಹೋಗುವುದುಂಟು. ಅಲ್ಲಿ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಏಳೆಂಟು ಬಿಯರಿನ ಹೆಸರುಗಳಲ್ಲಿ ಯಾವುದು ಏನೆಂದು ತಿಳಿಯುವುದಿಲ್ಲ. ಪಕ್ಕದವರು ಹೇಳಿದ್ದನ್ನೇ ತರಿಸಿ ಕುಡಿದು ಬರುತ್ತಾರೆ. "ಸರ್, ಅದರಲ್ಲಿ ಏನುಂಟು ಅಂತ ಒಮ್ಮೆ ಹೇಳಿಕೊಡಿ" ಎಂದು ಕೇಳಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕುಡಿಯದವರು ಕುಡಿಯಲು ಶುರು ಮಾಡಲಿ ಎಂಬ ಉದ್ದೇಶ ಇದರಲ್ಲಿ ಇಲ್ಲ. ಕುಡಿಯುವವರು ಏನು ಕುಡಿಯುತ್ತಿದ್ದೇವೆಂದು ತಿಳಿದು, ನಿಧಾನವಾಗಿ, ಸ್ವಲ್ಪವೇ ಕುಡಿಯಲಿ ಎಂಬುದು ನನ್ನ ಆಸೆ.

ಕ್ರಾಫ್ಟ್ ಬಿಯರ್ ಎಂದರೆ ಬೆಂಗಳೂರಿನದ್ದು, ಬಾಂದ್ರಾದ್ದು ಎಂದು ನಮ್ಮವರು ತಿಳಿದಿದ್ದಾರೆ. ಆದರೆ ಗೇಟ್‌ವೇ ಬ್ರೂಯಿಂಗ್ ಕಂಪೆನಿ ತನ್ನ ಬಿಯರ್ ತಯಾರಿಸಲು ಆರಿಸಿಕೊಂಡ ಜಾಗ ನಮ್ಮ ಡೊಂಬಿವಲಿ. ನವೀನ್ ಮಿತ್ತಲ್ ಮತ್ತು ಅವರ ಜೊತೆಗಾರರು 2014ರಲ್ಲಿ ಇಲ್ಲಿ ತಯಾರಾದ ಬಿಯರನ್ನು ಕೆಗ್ಗುಗಳಲ್ಲಿ ತುಂಬಿ ಮುಂಬಯಿಯ ರೆಸ್ಟೋರೆಂಟುಗಳಿಗೆ ಕಳಿಸತೊಡಗಿದರು. ಕೆಗ್ಗು ಎಂದರೆ ಉಕ್ಕಿನ ಪೀಪಾಯಿ. ವೈಟ್ ಝೆನ್ ಎಂಬ ಅವರ ಗೋಧಿ ಬಿಯರನ್ನು ದಕ್ಷಿಣ ಮುಂಬಯಿಯಲ್ಲಿ ಮೆಚ್ಚಿ ಕುಡಿದ ಎಷ್ಟೋ ಜನರಿಗೆ ಅದು ಸೆಂಟ್ರಲ್ ಲೈನಿನ ಕೂಸು ಎಂದು ಗೊತ್ತಿರಲಿಕ್ಕಿಲ್ಲ. ನಮ್ಮ ಊರಿನ ಹೆಸರು ಕೆಮಿಕಲ್ ಫ್ಯಾಕ್ಟರಿ, ಹೊಗೆ, ಲೋಕಲ್ ಟ್ರೇನಿನ ನೂಕುನುಗ್ಗಲಿಗೆ ಮಾತ್ರ ಬರುವುದು ನನಗೆ ಬೇಸರ. ಈ ಬಿಯರನ್ನೂ ಸೇರಿಸಿ ಹೇಳಬೇಕು.

ಮಹಾರಾಷ್ಟ್ರದಲ್ಲಿ ಈ ಹಾದಿ ತೆರೆದದ್ದು ಪುಣೆಯ ಡೂಲಾಲಿ ಎಂಬ ಬ್ರೂಪಬ್, 2009ರಲ್ಲಿ. ಬೆಂಗಳೂರಿನ ಇಂದಿರಾನಗರದ ಟಾಯ್ಟ್ ಅದರ ಮರುವರ್ಷವೇ ಬಂತು. ಅದಕ್ಕೂ ಬಹಳ ಹಿಂದೆ, 1915ರಲ್ಲಿ, ಥಾಮಸ್ ಲೀಶ್‌ಮನ್ ದಕ್ಷಿಣದ ಕೆಲವು ಬ್ರೂವರಿಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ್ದ. ಬಂಟ್ವಾಳ ಮೂಲದ ವಿಠಲ ಮಲ್ಯರು 1947ರಲ್ಲಿ ಅದರ ಮೊದಲ ಭಾರತೀಯ ನಿರ್ದೇಶಕರಾದರು. ನಮ್ಮ ದೇಶದ ಬಾಟಲಿ ಬಿಯರಿನ ಕಥೆಯಲ್ಲಿ ಕರಾವಳಿಯ ಮನೆತನವೊಂದು ಹೀಗೆ ಸೇರಿಕೊಂಡಿದೆ.

ಬಾಟಲಿಯ ಮಾತು ಬಂದಿರುವಾಗಲೇ ಒಂದು ಲೆಕ್ಕ ಮಾಡಿಬಿಡೋಣ. ಇದು ನನ್ನ ಪಾಠದ ಮುಖ್ಯ ಭಾಗ. ವೈನ್ ಶಾಪಿನಲ್ಲಿ ಬಿಯರ್ ಕೇಳಿದರೆ "ಮೈಲ್ಡಾ, ಸ್ಟ್ರಾಂಗಾ?" ಎನ್ನುತ್ತಾರೆ. ಆಲ್ಕೋಹಾಲ್ ಶೇ. 5ರವರೆಗೆ ಇದ್ದರೆ ಮೈಲ್ಡ್, ಅದಕ್ಕಿಂತ ಮೇಲೆ ಶೇ. 8ರವರೆಗೆ ಸ್ಟ್ರಾಂಗ್. 330 ಮಿಲಿಲೀಟರಿನ ಮೈಲ್ಡ್ ಪೈಂಟಿನಲ್ಲಿ ಇರುವುದು ಸುಮಾರು 16 ಮಿಲಿಲೀಟರ್ ಆಲ್ಕೋಹಾಲ್. 650ರ ಸ್ಟ್ರಾಂಗ್ ಬಾಟಲಿಯಲ್ಲಿ ಅದು 52. ಒಂದು ಸ್ಮಾಲ್ ಪೆಗ್ ವಿಸ್ಕಿಯಲ್ಲಿ, ಅಂದರೆ 30 ಮಿಲಿಲೀಟರಿನಲ್ಲಿ, ಸುಮಾರು 13. "ಬರೀ ಒಂದು ಬಿಯರ್ ಕುಡಿದೆ" ಎನ್ನುವವನು ಒಂದು ದೊಡ್ಡ ಸ್ಟ್ರಾಂಗ್ ಬಾಟಲಿ ಮುಗಿಸಿದ್ದರೆ, ಅವನ ಹೊಟ್ಟೆಯಲ್ಲಿರುವುದು ನಾಲ್ಕು ಪೆಗ್ಗು. ಲೇಬಲಿನ ಮೇಲೆ ಸಣ್ಣ ಅಕ್ಷರದಲ್ಲಿರುವ ಆ ಶೇಕಡಾ ಅಂಕಿಯನ್ನು ಓದುವ ಅಭ್ಯಾಸ ಮೊದಲು ಬರಲಿ, ರುಚಿಯ ಮಾತು ಆಮೇಲೆ. ಬ್ರೂಪಬ್ಬಿನ ಹಲಗೆಯ ಮೇಲೆ ಸಾಮಾನ್ಯವಾಗಿ ಪ್ರತಿ ಹೆಸರಿನ ಪಕ್ಕದಲ್ಲೂ ಈ ಅಂಕಿ ಇರುತ್ತದೆ, ಇಲ್ಲದಿದ್ದರೆ ಕೇಳಿ. ಮಹಾರಾಷ್ಟ್ರದ ಕಾನೂನಿನಂತೆ ಬಿಯರಿಗೆ 21 ವರ್ಷ ತುಂಬಿರಬೇಕು, ವಿಸ್ಕಿ ರಮ್ಮಿಗೆ 25.

ಇನ್ನು ಬಿಯರಿನ ಒಳಗೆ ಏನುಂಟು ಎಂಬುದು. ಮುಖ್ಯವಾಗಿ ನೀರು, ಬಾರ್ಲಿ, ಹಾಪ್ಸ್, ಯೀಸ್ಟ್. ದೊಡ್ಡ ಕಂಪೆನಿಗಳು ಖರ್ಚು ಇಳಿಸಲು, ರುಚಿಯನ್ನು ತೆಳು ಮಾಡಲು ಅಕ್ಕಿ, ಮೆಕ್ಕೆಜೋಳ, ಸಕ್ಕರೆ ಸೇರಿಸುವುದುಂಟು. ಬಾರ್ಲಿಯನ್ನು ಹಾಗೆಯೇ ಬೇಯಿಸಿದರೆ ಗಂಜಿಯಾಗುತ್ತದೆ, ಬಿಯರ್ ಆಗುವುದಿಲ್ಲ. ಅದನ್ನು ನೆನೆಸಿ ಮೊಳಕೆ ಬರಿಸಿ ಒಣಗಿಸಬೇಕು. ಕೂಸು ಇರುವ ಮನೆಯವರಿಗೆ ಇದು ಹೊಸ ವಿಷಯವೇನೂ ಅಲ್ಲ. ಅಮ್ಮ ರಾಗಿ ನೆನೆಸಿ, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಒಲೆಯ ಪಕ್ಕ ಇಡುತ್ತಿದ್ದರು. ಮರುದಿನ ಬಟ್ಟೆಯ ಎಳೆಗಳ ನಡುವೆ ಬಿಳಿ ಮೊಳಕೆ ಇಣುಕುತ್ತಿತ್ತು. ಅದನ್ನು ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು, ಹುಡಿ ಮಾಡಿ, ತಂಗಿಗೆ ಕಾಯಿಸಿ ಕೊಡುತ್ತಿದ್ದರು. ಮೊಳಕೆ ಬರಿಸದ ರಾಗಿಯ ಗಂಜಿ ದಪ್ಪ. ಮೊಳಕೆಯದು ತೆಳ್ಳಗೆ, ಬೆಲ್ಲ ಹಾಕುವ ಮೊದಲೇ ಸ್ವಲ್ಪ ಸಿಹಿ. ಮೊಳೆಯುವಾಗ ಕಾಳಿನೊಳಗೆ ಹುಟ್ಟುವ ಕಿಣ್ವ ಪಿಷ್ಟವನ್ನು ಮುರಿದು ಸಕ್ಕರೆ ಮಾಡುತ್ತದೆ. ಅಂಗಡಿಯಲ್ಲಿ ಆ ಹುಡಿಗೆ ರಾಗಿ ಮಾಲ್ಟ್ ಎನ್ನುತ್ತೇವೆ. ಬ್ರೂವರಿಯವರ ಮಾಲ್ಟ್ ಕೂಡ ಇದೇ. ಧಾನ್ಯ ಮಾತ್ರ ಬೇರೆ.

ಆ ಮಾಲ್ಟನ್ನು ತರಿ ಮಾಡಿ, ಸುಮಾರು 65 ಡಿಗ್ರಿ ಬಿಸಿಯ ನೀರಿನಲ್ಲಿ ಒಂದು ಗಂಟೆ ಇಟ್ಟರೆ ಉಳಿದ ಪಿಷ್ಟವೂ ಸಕ್ಕರೆಯಾಗುತ್ತದೆ. ಸೋಸಿದ ಸಿಹಿನೀರನ್ನು ಕುದಿಸಿ ಹಾಪ್ಸ್ ಹಾಕುತ್ತಾರೆ. ಹಾಪ್ಸ್ ಒಂದು ಬಳ್ಳಿಯ ಹೂವು, ನಮ್ಮಲ್ಲಿ ಹಿಮಾಚಲದ ಲಾಹೌಲಿನಲ್ಲಿ ಬೆಳೆಯುತ್ತದೆ. ಕಹಿ ಅದರಿಂದ ಬರುತ್ತದೆ, ಕಿತ್ತಳೆ ಸಿಪ್ಪೆಯಂಥ, ಹುಲ್ಲಿನಂಥ ಪರಿಮಳವೂ ಅದರಿಂದಲೇ; ಬಿಯರ್ ಬೇಗ ಕೆಡದಂತೆ ನೋಡಿಕೊಳ್ಳುವುದೂ ಅದೇ. ಮಾಲ್ಟನ್ನು ಎಷ್ಟು ಹುರಿದರು ಎಂಬುದರ ಮೇಲೆ ಬಣ್ಣ. ಹೊಂಬಣ್ಣದ್ದು ಹಗುರ, ಕಪ್ಪನೆಯದು ಸ್ಟ್ರಾಂಗ್ ಎಂದು ತುಂಬಾ ಜನ ನಂಬಿದ್ದಾರೆ. ಬಣ್ಣಕ್ಕೂ ಅಮಲಿಗೂ ಸಂಬಂಧವಿಲ್ಲ.

ಕೊನೆಗೆ ಯೀಸ್ಟ್. ಸಕ್ಕರೆಯನ್ನು ತಿಂದು ಆಲ್ಕೋಹಾಲನ್ನೂ ಗುಳ್ಳೆಯನ್ನೂ ಕೊಡುವ ಜೀವ ಅದು. 20 ಡಿಗ್ರಿಯ ಆಸುಪಾಸಿನಲ್ಲಿ ಕೆಲಸ ಮಾಡುವ ಯೀಸ್ಟಿನಿಂದ ಏಲ್ ಆಗುತ್ತದೆ. ಒಂದೆರಡು ವಾರದಲ್ಲಿ ಹುದುಗು ಮುಗಿದು ಹಣ್ಣಿನ, ಮಸಾಲೆಯ ಪರಿಮಳ ಬರುತ್ತದೆ. 10 ಡಿಗ್ರಿಯ ಆಸುಪಾಸಿನ ತಂಪಿನಲ್ಲಿ ವಾರಗಟ್ಟಲೆ ಕೂರುವುದು ಲಾಗರ್, ಅದು ತಿಳಿ, ಚೊಕ್ಕ. ಅಂಗಡಿಯ ಬಾಟಲಿಗಳಲ್ಲಿ ಹೆಚ್ಚಿನವು ಲಾಗರ್, ಬ್ರೂಪಬ್ಬಿನ ಹಲಗೆಯಲ್ಲಿ ಹೆಚ್ಚಿನವು ಏಲ್.

ಹುದುಗು ಎಂದರೆ ನನಗೆ ಕಾರ್ಕಳದ ಕಡೆಯ ನನ್ನ ಅಜ್ಜನ ನೆನಪು. ಅಜ್ಜನದು ಮೂರ್ತೆಯ ಕಸುಬು. ಬೆಳಿಗ್ಗೆ ಮತ್ತು ಸಂಜೆ ತೆಂಗಿನ ಮರ ಹತ್ತಿ, ಕಟ್ಟಿದ ಹೊಂಬಾಳೆಯ ತುದಿಯನ್ನು ಕೂದಲೆಳೆಯಷ್ಟು ಕೊಯ್ದು, ಮಡಕೆ ತೂಗಿಸಿ ಇಳಿಯುತ್ತಿದ್ದರು. ಎರಡು ಬಗೆಯ ಮಡಕೆ ಇರುತ್ತಿತ್ತು. ಬೆಲ್ಲಕ್ಕೆ ಬೇಕಾದ ಸಿಹಿ ಕಳ್ಳಿನ ಮಡಕೆಗೆ ಒಳಗಡೆ ಸುಣ್ಣ ಬಳಿಯುತ್ತಿದ್ದರು, ಕುಡಿಯುವ ಕಳ್ಳಿನದಕ್ಕೆ ಇಲ್ಲ. ಸುಣ್ಣವಿದ್ದರೆ ಯೀಸ್ಟ್ ಏಳುವುದಿಲ್ಲ, ರಸ ಸಿಹಿಯಾಗಿಯೇ ಉಳಿಯುತ್ತದೆ. ಸುಣ್ಣವಿಲ್ಲದ ಮಡಕೆಯಲ್ಲಿ ಗಾಳಿಯ, ಮಡಕೆಯ ಗೋಡೆಯ ಯೀಸ್ಟ್ ಸೇರಿ ಮರದ ಮೇಲೆಯೇ ಹುಳಿ ಶುರು. ಬೆಳಗಿನ ಕಳ್ಳು ಎಳೆಯದು, ಸಂಜೆಗೆ ಕಟುವಾಗುತ್ತಿತ್ತು. ಅಜ್ಜಿ ಅದರಲ್ಲಿ ಸ್ವಲ್ಪ ತೆಗೆದು ಅಪ್ಪದ ಹಿಟ್ಟಿಗೆ ಹಾಕುತ್ತಿದ್ದರು. ದೈವ ಕೊರಗಜ್ಜನಿಗೆ ಇಡುವಾಗ ಚಕ್ಕುಲಿ, ವೀಳ್ಯದ ಜೊತೆಗೂ ಅದೇ ಕಳ್ಳು. ಬೆಲ್ಜಿಯಮ್ಮಿನ ಕೆಲವು ಬ್ರೂವರಿಗಳು ಇಂದಿಗೂ ಯೀಸ್ಟ್ ಹಾಕದೆ, ಬಿಸಿ ಸಿಹಿನೀರನ್ನು ತೆರೆದ ತೊಟ್ಟಿಯಲ್ಲಿ ರಾತ್ರಿಯಿಡೀ ಬಿಟ್ಟು, ಗಾಳಿಯ ಯೀಸ್ಟ್ ಬಂದು ಕೂರಲೆಂದು ಕಾಯುತ್ತವೆ. ಲ್ಯಾಂಬಿಕ್ ಎಂಬ ಆ ಹುಳಿ ಬಿಯರನ್ನು ಜಗತ್ತು ದುಬಾರಿ ಬೆಲೆ ಕೊಟ್ಟು ಕುಡಿಯುತ್ತದೆ. ಅಜ್ಜನ ವಿದ್ಯೆಗೆ ಆ ಗೌರವ ಸಿಗಲಿಲ್ಲ. ಹುಳಿ ಬಿಯರ್ ಮೊದಲ ಸಲ ಬಾಯಿಗಿಟ್ಟವರು ಮುಖ ಸಿಂಡರಿಸುತ್ತಾರೆ. ಕಳ್ಳಿನ ಮನೆಯಿಂದ ಬಂದವರಿಗೆ ಅದು ಗುರುತಿನ ರುಚಿ.

ಇಲ್ಲಿ ಇನ್ನೊಂದು ಮಾತನ್ನು ಮುಚ್ಚಿಡಬಾರದು. ನಮ್ಮ ಮನೆಯ ಗೋಡೆಯ ಮೇಲೆ ನಾರಾಯಣ ಗುರುಗಳ ಚಿತ್ರವಿತ್ತು, ಈಗಲೂ ಇದೆ. 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿ, ಮೂರ್ತೆಯವರಾದ ನಮಗೆ ದೇವಸ್ಥಾನದ ಬಾಗಿಲು ತೆರೆದವರು ಅವರು. ಮದ್ಯದ ವಿಷಯದಲ್ಲಿ ಅವರ ಉಪದೇಶ ಸ್ಪಷ್ಟ: ಮಾಡುವುದೂ ಬೇಡ, ಕೊಡುವುದೂ ಬೇಡ, ಕುಡಿಯುವುದೂ ಬೇಡ. ಕಳ್ಳಿನ ಸಾಲದಲ್ಲಿ, ಕಳ್ಳಿನ ಅಮಲಿನಲ್ಲಿ ಮುರಿದ ಮನೆಗಳನ್ನು ಕಂಡು ಹೇಳಿದ ಮಾತು ಅದು. ನನ್ನ ಅಪ್ಪ ಅದನ್ನು ಪಾಲಿಸಿದರು, ಜನ್ಮದಲ್ಲಿ ಒಂದು ಗುಟುಕು ಮುಟ್ಟಲಿಲ್ಲ. ನಾನು ಪೂರ್ತಿ ಪಾಲಿಸಿಲ್ಲ. ಆದರೆ ನನ್ನ ಗ್ಲಾಸಿಗೆ ಒಂದು ಮಿತಿ ಇರುವುದು ಆ ಚಿತ್ರದಿಂದ. ನಿಮ್ಮ ಗೆಳೆಯರ ಗುಂಪಿನಲ್ಲಿ ಯಾರಾದರೂ "ನನಗೆ ಬೇಡ" ಎಂದರೆ ಎರಡನೇ ಸಲ ಕೇಳಬೇಡಿ.

ಕುಡಿಯದ ಅಪ್ಪ ಡೊಂಬಿವಲಿಯ ಒಂದು ಬಾರ್ ಆಂಡ್ ರೆಸ್ಟೋರೆಂಟಿನಲ್ಲಿ ಆಯುಷ್ಯ ಕಳೆದರು. ಹೊರಗೆ 'ಪರ್ಮಿಟ್ ರೂಮ್' ಎಂದು ಬೋರ್ಡ್ ಇತ್ತು. 1949ರ ಮುಂಬಯಿ ಪಾನನಿಷೇಧ ಕಾಯ್ದೆಯ ನಂತರ ಪರವಾನಗಿ ಇದ್ದವರು ಮಾತ್ರ ಕೂತು ಕುಡಿಯುವ ಕೋಣೆ ಎಂಬ ಅರ್ಥದಲ್ಲಿ ಬಂದ ಹೆಸರು, ಇವತ್ತಿಗೂ ಉಳಿದಿದೆ. ಠಾಕುರ್ಲಿಯ ರೈಲ್ವೆ ಪವರ್ ಹೌಸ್ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿನ ಕೆಲಸದವರು ಪಾಳಿ ಮುಗಿಸಿ ಬರುತ್ತಿದ್ದರಂತೆ. ಬಿಯರ್ ಸುರಿಯುವುದನ್ನು ನಾನು ಕಲಿತದ್ದು ಅಪ್ಪನ ಕೈ ನೋಡಿ. ಗ್ಲಾಸನ್ನು ಸೋಪಿನ ಅಂಶ ಸ್ವಲ್ಪವೂ ಉಳಿಯದಂತೆ ತಣ್ಣೀರಿನಲ್ಲಿ ತೊಳೆಯುತ್ತಿದ್ದರು. ಎಣ್ಣೆ ಕೈ ಗ್ಲಾಸಿನ ಒಳಕ್ಕೆ ತಾಗಬಾರದು. ಎಣ್ಣೆಯೋ ಸೋಪೋ ತಗುಲಿದರೆ ನೊರೆ ನಿಲ್ಲುವುದಿಲ್ಲ. ಗ್ಲಾಸನ್ನು ಓರೆ ಹಿಡಿದು ಅರ್ಧದವರೆಗೆ ಗೋಡೆಗುಂಟ ಇಳಿಸುವುದು, ಆಮೇಲೆ ನೆಟ್ಟಗೆ ಮಾಡಿ ನಡುವಿಗೆ ಸುರಿಯುವುದು. ಎರಡು ಬೆರಳು ನೊರೆ ನಿಲ್ಲಬೇಕು. ನೊರೆ ಇಲ್ಲದಂತೆ ತುಂಬಿಸಿ ಕೊಟ್ಟರೆ ಗಿರಾಕಿಗೆ ಲಾಭ ಅನಿಸಬಹುದು, ಆದರೆ ಗುಳ್ಳೆಗಳೆಲ್ಲ ಹೊಟ್ಟೆಗೆ ಹೋಗಿ ಉಬ್ಬರಿಸುತ್ತದೆ, ಪರಿಮಳ ಮೂಗಿಗೆ ಏರುವುದಿಲ್ಲ. ಮನೆಯಲ್ಲಿ ಬಾಟಲಿಯಿಂದ ಕುಡಿಯುವವರೂ ದಯವಿಟ್ಟು ಗ್ಲಾಸಿಗೆ ಸುರಿದುಕೊಳ್ಳಿ. ಮಂಜುಗಡ್ಡೆಯಷ್ಟು ತಣ್ಣಗೆ ಬೇಡ. ಆ ತಣ್ಣಗೆಯಲ್ಲಿ ನಾಲಿಗೆ ಮರಗಟ್ಟುತ್ತದೆ.

ಹಲಗೆಯ ಮುಂದೆ ನಿಂತಾಗ ಏನು ಕೇಳಬೇಕು? ಮೊದಲಿಗೆ ಗೋಧಿ ಬಿಯರ್. ಜರ್ಮನಿಯ ಹೆಫವೈಜನ್ ಎಂದು ಬರೆದಿದ್ದರೆ ಬಾಳೆಹಣ್ಣು, ಲವಂಗದ ವಾಸನೆ ಬರುತ್ತದೆ. ಅದರೊಳಗೆ ಬಾಳೆಹಣ್ಣೂ ಇಲ್ಲ, ಲವಂಗವೂ ಇಲ್ಲ, ಎರಡೂ ಯೀಸ್ಟಿನ ಕೈಗುಣ. ಬೆಲ್ಜಿಯಂ ವಿಟ್ ಎಂದಿದ್ದರೆ ನಿಜವಾಗಿಯೇ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕಿ ಕುದಿಸಿರುತ್ತಾರೆ. ದಿನಾ ಸಾರಿನ ಪುಡಿ ಹುರಿಯುವ ಮನೆಯವರ ಮೂಗು ಅದನ್ನು ಥಟ್ಟನೆ ಹಿಡಿಯುತ್ತದೆ. ಎರಡೂ ಮಬ್ಬಾಗಿ ಇರುತ್ತವೆ. ಕೆಟ್ಟಿದೆ ಎಂದು ವಾಪಸು ಕಳಿಸಬೇಡಿ. ಆಮೇಲೆ ಸ್ಟೌಟ್. ಚೆನ್ನಾಗಿ ಹುರಿದ ಬಾರ್ಲಿಯಿಂದ ಕಾಫಿಯ, ಕೋಕೋದ ರುಚಿ ಬರುತ್ತದೆ. ಫಿಲ್ಟರ್ ಕಾಫಿಯ ಕಹಿ ಇಷ್ಟವಿದ್ದರೆ ಇದೂ ಇಷ್ಟವಾಗುತ್ತದೆ. ಐಪಿಎಯನ್ನು ಕೊನೆಗೆ ಇಟ್ಟುಕೊಳ್ಳಿ. ಅದರ ಪೂರ್ತಿ ಹೆಸರು ಇಂಡಿಯಾ ಪೇಲ್ ಏಲ್. ಲಂಡನ್ನಿನ ಬೋ ಎಂಬಲ್ಲಿದ್ದ ಹಾಡ್ಜ್‌ಸನ್ ಬ್ರೂವರಿ, ಆಮೇಲೆ ಬರ್ಟನ್ ಊರಿನ ಬ್ರೂವರಿಗಳು ಹೆಚ್ಚು ಹಾಪ್ಸ್ ಹಾಕಿದ ಪೇಲ್ ಏಲನ್ನು ಹಡಗಿನಲ್ಲಿ ಕಲ್ಕತ್ತ, ಮುಂಬಯಿಗೆ ಕಳಿಸುತ್ತಿದ್ದುದರಿಂದ ಬಂದ ಹೆಸರದು. ಕಹಿ ಜಾಸ್ತಿ. ಹಾಗಲಕಾಯಿ ಗೊಜ್ಜು ತಿಂದು ಬೆಳೆದವರು ಹೆದರಬೇಕಾಗಿಲ್ಲ, ಆದರೂ ಮೊದಲ ದಿನವೇ ಬೇಡ.

ಪೂರ್ತಿ ಗ್ಲಾಸು ತರಿಸುವ ಮುನ್ನ ಸಣ್ಣ ಟೇಸ್ಟರ್ ಕೇಳಿ. ಸಂಕೋಚ ಬೇಡ, ಬ್ರೂಪಬ್ಬುಗಳಲ್ಲಿ ಅದು ರೂಢಿ. ಮೊದಲು ಮೂಸಿ, ಒಂದು ಗುಟುಕು ಬಾಯಿತುಂಬ ಆಡಿಸಿ, ನುಂಗಿ, ಮೂಗಿನಿಂದ ಉಸಿರು ಬಿಡಿ. ರುಚಿಯ ಹೆಚ್ಚಿನ ಪಾಲು ಆ ಉಸಿರಿನಲ್ಲಿ ತಿಳಿಯುತ್ತದೆ.

ತಿನ್ನುವುದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯಗಳಿವೆ. ಖಾಲಿ ಹೊಟ್ಟೆಯಲ್ಲಿ ಬೇಡವೇ ಬೇಡ. ರವೆಯಲ್ಲಿ ಹೊರಳಿಸಿ ಕರಿದ ಬೊಂಬಿಲ್, ಕಾಯಿಸಿದ ಬಂಗುಡೆ, ನೀರುದೋಸೆ, ಇವಕ್ಕೆ ಗೋಧಿ ಬಿಯರ್. ಸ್ಟೌಟಿಗೆ ಕೋಳಿ ಸುಕ್ಕ ಹೊಂದುತ್ತದೆ, ಇಲ್ಲವೇ ಕಾಯಿ ಹೋಳಿಗೆಯ ಒಂದು ತುಂಡು. ಹುರಿದ ಧಾನ್ಯವೂ ಬೆಲ್ಲವೂ ಒಂದನ್ನೊಂದು ಎತ್ತಿ ಹಿಡಿಯುತ್ತವೆ. ಕುಂದಾಪುರದ ಘೀ ರೋಸ್ಟಿನ ಜೊತೆ ಐಪಿಎ ಮಾತ್ರ ತರಿಸಬೇಡಿ. ಹಾಪ್ಸಿನ ಕಹಿ ಮೆಣಸಿನ ಉರಿಯನ್ನು ಇಮ್ಮಡಿ ಮಾಡುತ್ತದೆ, ಎರಡರ ರುಚಿಯೂ ಕೈತಪ್ಪುತ್ತದೆ. ಬಾರಿನ ಚಕ್ಣಾ, ಅಂದರೆ ಉಪ್ಪುಕಡಲೆ, ಮಸಾಲಾ ಪಾಪಡ್, ಬಾಯಾರಿಕೆ ಹೆಚ್ಚಿಸಿ ಇನ್ನೊಂದು ತರಿಸುವಂತೆ ಮಾಡುತ್ತದೆ, ಊಟವೇ ಮಾಡಿ.

ಎಲ್ಲ ಸಂತೋಷದ ಜೊತೆಗೂ ಬಿಯರ್ ಬೇಕಾಗಿಲ್ಲ ಎಂಬುದನ್ನೂ ಹೇಳಬೇಕು. ದೀಪಾವಳಿಯ ಬೆಳಿಗ್ಗೆ ಹೊಸ ಬಟ್ಟೆ ಉಟ್ಟು ಡೊಂಬಿವಲಿಯ ಫಡ್ಕೆ ರೋಡಿನಲ್ಲಿ ಗೆಳೆಯರನ್ನು ಕಾಣುವುದಕ್ಕೆ ಚಹಾ ಸಾಕು. ಮಳೆಗಾಲದಲ್ಲಿ ಊರಿನ ಮೇಳದವರು ಈ ಕಡೆ ಬಂದು ಯಕ್ಷಗಾನ ಆಡಿದಾಗ ಎಚ್ಚರ ಪೂರ್ತಿ ಇರಬೇಕು. ಚೆಂಡೆಯ ಪೆಟ್ಟು, ಅರ್ಥದ ತಿರುವು ಯಾವುದೂ ಕೈಬಿಡುವ ಹಾಗಿಲ್ಲ. ಹಾಗೆ ಕಿವಿಗೊಟ್ಟು ಕೂತು ಅಭ್ಯಾಸವಾದವರು ಬಿಯರನ್ನೂ ಗಮನವಿಟ್ಟೇ ಕುಡಿಯುತ್ತಾರೆ ಎಂಬುದು ನನ್ನ ಅನುಭವ. ಗಮನವಿಟ್ಟವರು ಹೆಚ್ಚು ಕುಡಿಯುವುದಿಲ್ಲ.

ಠಾಕುರ್ಲಿಯಿಂದ ಹೋಗುವವರಿಗೆ ದಾರಿ ಹೇಳಿ ಮುಗಿಸುತ್ತೇನೆ. ನಮ್ಮ ಸ್ಟೇಷನ್ನಿನಲ್ಲಿ ನಿಲ್ಲುವುದು ಸ್ಲೋ ಲೋಕಲ್ ಮಾತ್ರ, ಈ ವಿಷಯದಲ್ಲಿ ಅದೇ ಅನುಕೂಲ. ಒಂದೇ ಗಾಡಿಯಲ್ಲಿ ಕೂತರೆ ಕರಿ ರೋಡಿನವರೆಗೆ ಬದಲಾಯಿಸುವುದು ಬೇಡ, ಒಂದು ಗಂಟೆಗೂ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಅಲ್ಲಿಂದ ಲೋವರ್ ಪರೇಲಿನ ಹಳೆಯ ಮಿಲ್ಲು ಆವರಣಗಳಿಗೆ ನಡೆದೇ ಹೋಗಬಹುದು. ಮುಂಬಯಿ ನಗರದ ಮೊದಮೊದಲ ಬ್ರೂಪಬ್ ಬಾರ್ಕಿಂಗ್ ಡಿಯರ್ 2013ರಲ್ಲಿ ಬಿಯರ್ ತಯಾರಿಸತೊಡಗಿದ್ದು ಮಥುರಾದಾಸ್ ಮಿಲ್ಲಿನ ಆವರಣದಲ್ಲಿ. ಬೆಂಗಳೂರಿನ ಟಾಯ್ಟ್ ಮುಂಬಯಿಗೆ ಬಂದಾಗ ಅದೂ ಅದೇ ಆವರಣಕ್ಕೆ ಬಂತು. ಊಟದ ಹೊತ್ತಿಗೆ ಮುಂಚೆಯೇ ಹೋಗಿ, ವಾರದ ನಡುವೆ ಆದರೆ ಇನ್ನೂ ಒಳ್ಳೆಯದು. ಗದ್ದಲ ಕಡಿಮೆ, ಕೇಳಿದ್ದಕ್ಕೆ ಉತ್ತರ ಹೇಳಲು ಅಲ್ಲಿನವರಿಗೆ ಪುರಸೊತ್ತು ಇರುತ್ತದೆ. ಬೈಕ್, ಕಾರು ತರಬೇಡಿ. ಎರಡು ಟೇಸ್ಟರ್, ಒಂದು ಗ್ಲಾಸು, ನಡುನಡುವೆ ಅಷ್ಟೇ ನೀರು. ಒಂಬತ್ತೂವರೆಯೊಳಗೆ ಎದ್ದರೆ ಕಲ್ಯಾಣ ಸ್ಲೋ ಸಿಗುತ್ತದೆ, ದಾದರ್ ದಾಟಿದ ಮೇಲೆ ಕೂರಲು ಜಾಗವೂ ಸಿಗಬಹುದು.